ಮಲೆಯೂರಿನ ದೇವಚಂದ್ರ ಕವಿ

ಗುಂಡ್ಲುಪೇಟೆಯಿಂದ ಪೂರ್ವಕ್ಕೆ ಚಾಮರಾಜನಗರದ ಹಾದಿಯಲ್ಲಿರುವ ತೆರಕಣಾಂಬಿಯು ಇಂದು ದಾರಿಹೋಕರ ಕಣ್ಣಿಗೆ ಸಂತೆಯ ಊರಾಗಿ ಕಂಡರೂ ಒಂದು ಕಾಲಕ್ಕೆ ಕೋಟೆಕೊತ್ತಲಗಳಿಂದ ಕೂಡಿ, ವಿಜಯನಗರದ ಅರಸರ ಕಾಲದಲ್ಲಿ ಸುತ್ತಣ ಸೀಮೆಗೆಲ್ಲ ಆಡಳಿತದ ನೆಲೆಯಾಗಿದ್ದಿತು. ಈ ಸೀಮೆಯ ಜೈನ ಪರಂಪರೆಯೂ ಅಷ್ಟೇ ಪುರಾತನವಾದುದು. ಹೊಯ್ಸಳ ವಿಷ್ಣುವರ್ಧನನ ಸಂಧಿವಿಗ್ರಹಿ ಪುಣಿಸಮಯ್ಯನು 1117ರ ವೇಳೆಗೆ ಅರಕೊತ್ತಾರದಲ್ಲಿ, ಎಂದರೆ ಇಂದಿನ ಚಾಮರಾಜನಗರದಲ್ಲಿ, ಬಸದಿಯನ್ನು ಕಟ್ಟಿಸಿದನು. ವಿಜಯನಗರದ ದೇವರಾಯನ ಮಗ ಹರಿಹರರಾಯನು 1422ರಲ್ಲಿ ಮಲೆಯೂರು ಗ್ರಾಮವನ್ನು ಕನಕಗಿರಿಯ ವಿಜಯನಾಥ ದೇವರ ಪೂಜೆಗೆ ಬಿಟ್ಟುಕೊಟ್ಟನು. ಅದೇ ಶತಮಾನದ ಕೊನೆಯ ಭಾಗದಲ್ಲಿ ತೆರಕಣಾಂಬಿಯ ಬೊಮ್ಮರಸನು ಸನತ್ಕುಮಾರಚರಿತೆಯನ್ನೂ ಜೀವಂಧರ ಸಾಂಗತ್ಯವನ್ನೂ ರಚಿಸಿ ಊರಿನ ಹೆಸರನ್ನು ತನ್ನ ಹೆಸರಿನೊಡನೆ ಕನ್ನಡ ಸಾಹಿತ್ಯದಲ್ಲಿ ನಿಲ್ಲಿಸಿದನು. ಇಂತಹ ನಾಡಿನಲ್ಲಿ ಹುಟ್ಟಿ, ಇದರ ನೆನಪುಗಳನ್ನೆಲ್ಲ ಒಂದೇ ಗ್ರಂಥದಲ್ಲಿ ಹಿಡಿದಿಟ್ಟವನು ಮಲೆಯೂರಿನ ದೇವಚಂದ್ರ.

ದೇವಚಂದ್ರನು ಹುಟ್ಟಿದುದು 1770ರಲ್ಲಿ. ಮಲೆಯೂರಿನ ಬೆಟ್ಟಕ್ಕೆ ಕನಕಗಿರಿಯೆಂದೂ ಹೇಮಾದ್ರಿಯೆಂದೂ ಹೆಸರು. ಬೆಟ್ಟದ ನೆತ್ತಿಯಲ್ಲಿ ಪಾರ್ಶ್ವನಾಥಸ್ವಾಮಿಯ ಬಸದಿ, ಬಂಡೆಗಳ ಮೇಲೆ ಸಮಾಧಿಮರಣವನ್ನು ಪಡೆದ ಮುನಿಗಳ ಪಾದಗಳು, ನಿಷಿಧಿಗಳು, ಶಾಸನಗಳು. ಪೂಜ್ಯಪಾದ ಆಚಾರ್ಯರು ಇಲ್ಲಿ ತಪಸ್ಸು ಮಾಡಿದರೆಂಬುದು ಸ್ಥಳದ ನಂಬಿಕೆ. ವ್ಯಾಕರಣಕ್ಕೆ ಜೈನೇಂದ್ರವನ್ನೂ ತತ್ತ್ವಾರ್ಥಸೂತ್ರಕ್ಕೆ ಸರ್ವಾರ್ಥಸಿದ್ಧಿಯನ್ನೂ ಕೊಟ್ಟ ಆ ಮಹನೀಯರನ್ನು ಈ ಸೀಮೆಯ ಜನ ಹೆಚ್ಚಾಗಿ ನೆನೆಯುವುದು ವೈದ್ಯರಾಗಿ, ರಸಸಿದ್ಧರಾಗಿ, ಗಗನಗಾಮಿಗಳಾಗಿ. ಪಂಡಿತರು ಗ್ರಂಥದಿಂದ ಅರಿತ ಆಚಾರ್ಯರು ಬೇರೆ, ಬೆಟ್ಟದ ತಪ್ಪಲಿನವರು ಕಥೆಯಿಂದ ಅರಿತ ಆಚಾರ್ಯರು ಬೇರೆ ಎಂಬಂತೆ ಕಾಣುತ್ತದೆ. ದೇವಚಂದ್ರನಿಗೆ ಇಬ್ಬರೂ ಬೇಕಾಗಿದ್ದರು. ಆತನ ಬರವಣಿಗೆಯ ಗುಣವೂ ದೋಷವೂ ಇಲ್ಲಿಯೇ ಇವೆ.

ಅವನದು ಕರಣಿಕರ ಮನೆತನ. ಹಳ್ಳಿಯ ಶಾನುಭೋಗನೆಂದರೆ ಆ ಕಾಲಕ್ಕೆ ಊರಿನ ಜ್ಞಾಪಕಶಕ್ತಿಯೇ ಸರಿ. ಯಾರ ಹೊಲದ ಎಲ್ಲೆ ಎಲ್ಲಿ, ಯಾವ ಕೆರೆಯ ನೀರು ಯಾರ ಗದ್ದೆಗೆ, ಯಾವ ದೇವರ ಮಾನ್ಯ ಯಾವ ಅರಸ ಕೊಟ್ಟುದು, ಯಾವ ಮನೆ ಯಾವ ವರ್ಷದ ಬರದಲ್ಲಿ ಊರು ಬಿಟ್ಟಿತು, ಇವೆಲ್ಲ ಅವನ ಕಡತದಲ್ಲಿರಬೇಕು. ಹುಣಿಸೆಬೀಜದ ಸರಿಯನ್ನೂ ಇದ್ದಿಲಿನ ಪುಡಿಯನ್ನೂ ಬಳಿದು ಕಪ್ಪಾಗಿಸಿದ ಬಟ್ಟೆಯನ್ನು ಮಡಿಕೆಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುವ ಆ ಕಡತವನ್ನು ಒರಸಿ ಮತ್ತೆ ಬರೆಯಬಹುದು. ಓಲೆಗರಿ ಹಾಗಲ್ಲ. ಕಂಠದಿಂದ ಒಮ್ಮೆ ಕೊರೆದರೆ ಅಳಿಸುವಂತಿಲ್ಲ. ಗೆದ್ದಲು, ತೇವ, ಬೆಂಕಿಗಳಿಂದ ಕಾಪಾಡಿ ಹೊಸ ಗರಿಗೆ ಇಳಿಸುತ್ತಿದ್ದರೆ ಮಾತ್ರ ಉಳಿದೀತು. ಮಲೆಯೂರಿನ ಈ ಮನೆಯಲ್ಲಿ ಎರಡು ಬಗೆಯ ಬರವಣಿಗೆಯೂ ಇದ್ದಿತು. ಹಗಲು ಲೆಕ್ಕಪತ್ರದ ಕಡತ; ಬಿಡುವಿನಲ್ಲಿ ಪುರಾಣ, ಚರಿತೆಗಳ ಓಲೆ. ಪೂಜ್ಯಪಾದರ ಚರಿತೆಯು ಕನ್ನಡ ಕಾವ್ಯವಾಗಿ ಹುಟ್ಟಿದುದು ಈ ಮನೆತನದಲ್ಲಿಯೇ.

ಒಂದು ಸಣ್ಣ ಸಮಾಜವು ತನ್ನ ಒಬ್ಬ ಮಗನನ್ನು ವಿದ್ವಾಂಸನನ್ನಾಗಿ ಮಾಡುವ ಬಗೆ ಆಲೋಚನೆಗೆ ತಕ್ಕುದು. ಅಂದು ಶಾಲೆಗಳಿರಲಿಲ್ಲ, ಅಚ್ಚಿನ ಪುಸ್ತಕಗಳಿರಲಿಲ್ಲ. ಬಸದಿಯ ಇಂದ್ರರು ಅಕ್ಷರ ಕಲಿಸಬೇಕು; ಮಠದ ಭಟ್ಟಾರಕರು ಶಾಸ್ತ್ರಕ್ಕೆ ದಾರಿ ತೋರಿಸಬೇಕು; ಯಾವುದೋ ಊರಿನ ಶ್ರಾವಕರ ಮನೆಯ ಅಟ್ಟದ ಮೇಲಿನ ಕಟ್ಟು ಇನ್ನಾವುದೋ ಊರಿನ ಓದುಗನ ಕೈಗೆ ನಂಬಿಕೆಯ ಮೇಲೆ ಬರಬೇಕು. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಜೈನರು ಶ್ರಾವಕಧರ್ಮವೆಂದು ಹೇಳಿಕೊಂಡು ಬಂದಿದ್ದಾರೆ. ಇವುಗಳಲ್ಲಿ ಮೊದಲಿನ ಮೂರಕ್ಕೆ ಫಲ ಕಣ್ಣೆದುರಿಗೇ ಕಾಣುತ್ತದೆ. ಶಾಸ್ತ್ರದಾನದ ಫಲ ಕಾಣುವುದು ಎರಡು ಮೂರು ತಲೆಮಾರು ಕಳೆದ ಮೇಲೆ. ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಹತ್ತನೆಯ ಶತಮಾನದ ಆ ಕಾರ್ಯವು ದೊಡ್ಡವರ ದೊಡ್ಡ ದಾನ. ಆದರೆ ವ್ರತದ ಉದ್ಯಾಪನೆಗೆಂದು ಒಂದೇ ಒಂದು ಓಲೆಕಟ್ಟನ್ನು ಬರೆಯಿಸಿ ಬಸದಿಗೆ ಒಪ್ಪಿಸಿದ ಹೆಸರಿಲ್ಲದ ಗೃಹಿಣಿಯರು ಎಷ್ಟು ಮಂದಿಯೋ! ಶ್ರುತಪಂಚಮಿಯ ದಿನ ಕಟ್ಟುಗಳನ್ನು ಬಿಚ್ಚಿ, ಧೂಳು ತೆಗೆದು, ಪೂಜೆ ಸಲ್ಲಿಸಿ ಮತ್ತೆ ಕಟ್ಟುವ ಆಚಾರವು ಭಕ್ತಿಯೂ ಹೌದು, ಗ್ರಂಥಭಂಡಾರದ ವಾರ್ಷಿಕ ತಪಾಸಣೆಯೂ ಹೌದು. ದೇವಚಂದ್ರನು ಓದಿದ ನೂರಾರು ಕಥೆಗಳು ಅವನವರೆಗೆ ಬಂದು ತಲುಪಿದುದು ಇಂತಹ ಕೈಗಳಿಂದ.

ಅವನು ಬೆಳೆದ ಕಾಲವು ಶಾಂತವಾದುದಲ್ಲ. ಬಾಲ್ಯದಲ್ಲಿ ಹೈದರನ ಆಳಿಕೆ, ಯೌವನದಲ್ಲಿ ಟಿಪ್ಪುವಿನದು. ಯುದ್ಧದ ಮೇಲೆ ಯುದ್ಧ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅವನಿಗೆ ಇಪ್ಪತ್ತೊಂಬತ್ತರ ಪ್ರಾಯ. ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರು ಸಿಂಹಾಸನವನ್ನೇರಿದರು. ಪೂರ್ಣಯ್ಯನವರ ದಿವಾನಗಿರಿ ನಡೆಯಿತು. ಹೊಸ ಪ್ರಭುತ್ವಕ್ಕೆ ನೆಲದ ಅಳತೆ ಬೇಕಾಗಿತ್ತು. ಅಳತೆಯ ಸರಪಳಿಯನ್ನು ಹಿಡಿದು ಬಂದವನು ಕಾಲಿನ್ ಮೆಕೆಂಜಿ.

ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಈ ಸೇನಾಧಿಕಾರಿ ಮುಂದೆ ಕರ್ನಲ್ ಪದವಿಗೇರಿ, 1815ರಲ್ಲಿ ಇಡೀ ಭಾರತದ ಮೊದಲ ಸರ್ವೇಯರ್ ಜನರಲ್ ಆದವನು. ಅವನು ಬೆಟ್ಟ, ಹೊಳೆ, ಊರುಗಳ ನಕ್ಷೆಯೊಂದಕ್ಕೆ ತೃಪ್ತನಾಗಲಿಲ್ಲ. ಊರಿನ ಕೈಫಿಯತ್ತು, ದೇವಾಲಯದ ಸ್ಥಳಪುರಾಣ, ಪಾಳೆಯಗಾರರ ವಂಶಾವಳಿ, ಜಾತಿಗಳ ಹುಟ್ಟಿನ ಕಥೆ, ಹಳೆಯ ನಾಣ್ಯ, ಶಾಸನದ ನಕಲು, ಎಲ್ಲವನ್ನೂ ಕೂಡಿಹಾಕಿದನು. ಇದಕ್ಕೆ ದೇಶೀಯ ವಿದ್ವಾಂಸರ ನೆರವಿಲ್ಲದೆ ಗತಿಯಿರಲಿಲ್ಲ. ತೆಲುಗು ಬ್ರಾಹ್ಮಣರಾದ ಕಾವಲಿ ಸೋದರರು, ಜೈನ ಪಂಡಿತ ಧರ್ಮಯ್ಯ ಮೊದಲಾದವರು ಅವನ ಸಹಾಯಕರು. 1816ರಲ್ಲಿ ಥಾಮಸ್ ಹಿಕಿಯೆಂಬ ಚಿತ್ರಕಾರನು ಬರೆದ ಮೆಕೆಂಜಿಯ ವರ್ಣಚಿತ್ರದಲ್ಲಿ ಕೆಂಪಂಗಿಯ ಅಧಿಕಾರಿಯ ಪಕ್ಕದಲ್ಲಿ ಓಲೆಗರಿ ಹಿಡಿದು ನಿಂತಿರುವವನು ಆ ಧರ್ಮಯ್ಯ. ಹಿನ್ನೆಲೆಯ ಬೆಟ್ಟದ ಮೇಲೆ ಗೊಮ್ಮಟನ ಮೂರ್ತಿಯೂ ಕಾಣುತ್ತದೆ. ಆ ಚಿತ್ರ ಇಂದು ಲಂಡನ್ನಿನಲ್ಲಿದೆ.

1804ರಲ್ಲಿ ಮೆಕೆಂಜಿಯು ಕನಕಗಿರಿಗೆ ಬಂದನು. ಸ್ಥಳದ ಪೂರ್ವವೃತ್ತಾಂತವನ್ನು ಬಲ್ಲವರು ಯಾರೆಂದು ವಿಚಾರಿಸಿದಾಗ ದೇವಚಂದ್ರನು ಮುಂದೆ ಬಂದು ಪೂಜ್ಯಪಾದರ ಚರಿತೆಯನ್ನು ನಿರೂಪಿಸಿದನು. ಅಧಿಕಾರಿಗೆ ಮೆಚ್ಚುಗೆಯಾಯಿತು. ಕೆಲಕಾಲ ದೇವಚಂದ್ರನನ್ನು ತನ್ನ ಡೇರೆಯೊಡನೆ ಊರೂರಿಗೆ ಕರೆದೊಯ್ದು ಕಥೆಗಳನ್ನು ಕೇಳಿದನು. ನಾಡಿನ ರಾಜರ ಪರಂಪರೆಯನ್ನೂ ಜಾತಿಗಳ ವೃತ್ತಾಂತವನ್ನೂ ಬರೆಯುವಂತೆ ಹುರಿದುಂಬಿಸಿದನು. ದೇವಚಂದ್ರನಿಗೆ ಆಗ ಮೂವತ್ತನಾಲ್ಕು ವರ್ಷ. ರಾಜಾವಳೀಕಥೆ ಮುಗಿದುದು 1838ರಲ್ಲಿ. ನಡುವೆ ಮತ್ತೆ ಮೂವತ್ತನಾಲ್ಕು ವರ್ಷ.

ಕೆಲವರು ಇದನ್ನು ಸಾಹೇಬನ ಅಪ್ಪಣೆಯಿಂದ ಹುಟ್ಟಿದ ಗ್ರಂಥವೆನ್ನುವುದುಂಟು. ಅದು ಪೂರ್ಣ ಸತ್ಯವಲ್ಲ. ಮೆಕೆಂಜಿಯು 1821ರಲ್ಲಿಯೇ ತೀರಿಕೊಂಡನು. ಅಪ್ಪಣೆ ಕೊಟ್ಟವನು ಸತ್ತು ಹದಿನೇಳು ವರ್ಷಗಳಾದ ಮೇಲೂ ಮುದುಕನೊಬ್ಬನು ಬರೆಯುತ್ತ ಕುಳಿತಿದ್ದನೆಂದರೆ ಆ ಬರವಣಿಗೆಯ ಪ್ರೇರಣೆಯನ್ನು ಬೇರೆಡೆಯಲ್ಲಿಯೂ ಹುಡುಕಬೇಕು. ಅನ್ಯದೇಶೀಯನೊಬ್ಬನು ಬಂದು, ನಿಮ್ಮ ಜನ ಯಾರು, ಎಲ್ಲಿಂದ ಬಂದರು ಎಂದು ಕೇಳಿದ ಪ್ರಶ್ನೆಯು ದೇವಚಂದ್ರನ ಮನಸ್ಸಿನಲ್ಲಿ ತನ್ನದೇ ಪ್ರಶ್ನೆಯಾಗಿ ಬೇರೂರಿರಬೇಕು. ಸೂರಿಪಂಡಿತನೆಂಬ ವೈದ್ಯನ ಪ್ರೋತ್ಸಾಹವು ಗ್ರಂಥವನ್ನು ಮುಗಿಸಲು ನೆರವಾಯಿತು. ಊರಿನ ವೈದ್ಯನು ಊರಿನ ಕವಿಯ ಬೆನ್ನು ತಟ್ಟಿದ ಈ ಸಂಗತಿ ಚಿಕ್ಕದಾಗಿ ಕಂಡರೂ, ಅದಿಲ್ಲದಿದ್ದರೆ ಮೂರು ದಶಕಗಳ ಸಂಗ್ರಹವು ಬಿಡಿ ಗರಿಗಳಾಗಿಯೇ ಉಳಿದುಬಿಡಬಹುದಾಗಿತ್ತು. ದೇವಚಂದ್ರನು ರಾಮಕಥಾವತಾರವೆಂಬ ಇನ್ನೊಂದು ಗ್ರಂಥವನ್ನೂ ಬರೆದಿದ್ದಾನೆ. ನಾಗಚಂದ್ರ ಮೊದಲಾದವರು ನಡೆದ ಜೈನ ರಾಮಾಯಣದ ಹಾದಿಯಲ್ಲಿಯೇ ಅದೂ ನಡೆಯುತ್ತದೆ. ಅವನ ಕೀರ್ತಿ ನಿಂತಿರುವುದು ಮಾತ್ರ ರಾಜಾವಳೀಕಥೆಯ ಮೇಲೆ.

ಅದು ಹೆಚ್ಚಾಗಿ ಗದ್ಯ. ಹಳಗನ್ನಡದ ಬಿಗಿ ಸಡಿಲಗೊಂಡು, ಈ ಸೀಮೆಯ ಆಡುಮಾತು ನಡುನಡುವೆ ಇಣುಕುವ ಗದ್ಯ. ಕಾಲಚಕ್ರ, ಕುಲಕರರು, ಆದಿತೀರ್ಥಂಕರರಿಂದ ತೊಡಗಿ, ಶ್ರೇಣಿಕನನ್ನು ದಾಟಿ, ಭದ್ರಬಾಹು ಶ್ರುತಕೇವಲಿಗಳಿಗೆ ಬಂದು, ಚಂದ್ರಗುಪ್ತನು ಕಂಡ ಹದಿನಾರು ಕನಸುಗಳನ್ನು ಹೇಳಿ, ಹನ್ನೆರಡು ವರ್ಷದ ಕ್ಷಾಮದಲ್ಲಿ ಸಂಘವು ದಕ್ಷಿಣಕ್ಕೆ ನಡೆದುದನ್ನು ವರ್ಣಿಸುತ್ತದೆ. ಸಮಂತಭದ್ರ, ಅಕಲಂಕ, ಪೂಜ್ಯಪಾದರು ಬರುತ್ತಾರೆ. ಗಂಗರು, ಹೊಯ್ಸಳರು, ವಿಜಯನಗರದವರು, ಮೈಸೂರಿನ ಒಡೆಯರು ಬರುತ್ತಾರೆ. ಕಂತಿಯೂ ಅಭಿನವ ಪಂಪನೂ ಪಂಥಕಟ್ಟಿ ಪದ್ಯ ಹೇಳಿದ ಕಥೆಯು ಕನ್ನಡಿಗರಿಗೆ ದೊರೆತಿರುವುದು ದೇವಚಂದ್ರನಿಂದ. ಹಂಗಳದಲ್ಲಿ ದಿನ ಕಳೆಯುತ್ತಿದ್ದ ಚಿಕ್ಕದೇವರಾಜನೂ, ಅವನ ಬಾಲ್ಯದ ಗೆಳೆಯನಾಗಿ ಮುಂದೆ ಮಂತ್ರಿಯಾಗಿ 1686ರಲ್ಲಿ ಕೊಲೆಗೀಡಾದ ಯಳಂದೂರಿನ ಜೈನ ವಿಶಾಲಾಕ್ಷ ಪಂಡಿತನೂ ಅಲ್ಲಿದ್ದಾರೆ. ಜೊತೆಗೆ ನಾನಾ ಜಾತಿಗಳ, ಕಸುಬುಗಳ, ಗ್ರಾಮದೇವತೆಗಳ ಹುಟ್ಟಿನ ಕಥೆಗಳು. ಅರಸರ ಚರಿತ್ರೆಯೆಂದು ಓದಲು ತೆಗೆದುಕೊಂಡವನಿಗೆ ಪುಟಪುಟದಲ್ಲಿಯೂ ಕುಂಬಾರ, ಬೇಡ, ವ್ಯಾಪಾರಿ, ಪೂಜಾರಿಗಳು ಎದುರಾಗುತ್ತಾರೆ.

ಚರಿತ್ರಕಾರರು ಈ ಗ್ರಂಥವನ್ನು ಒಂದೇ ಕಣ್ಣಿನಿಂದ ನೋಡಿಲ್ಲ. ಬಿ. ಎಲ್. ರೈಸ್ ಅವರು 1889ರಲ್ಲಿ ಶ್ರವಣಬೆಳಗೊಳದ ಶಾಸನಗಳನ್ನು ಪ್ರಕಟಿಸಿದಾಗ ದೇವಚಂದ್ರನ ಭದ್ರಬಾಹು ಕಥೆಯನ್ನು ಮುಂದಿಟ್ಟು, ಮೌರ್ಯ ಚಂದ್ರಗುಪ್ತನು ಬೆಳಗೊಳದಲ್ಲಿ ಸಲ್ಲೇಖನವನ್ನು ಕೈಗೊಂಡನೆಂಬ ಪರಂಪರೆಯನ್ನು ಎತ್ತಿಹಿಡಿದರು. ಫ್ಲೀಟ್ ಅವರು ಅದನ್ನು ಬಲವಾಗಿ ವಿರೋಧಿಸಿದರು. ವಿನ್ಸೆಂಟ್ ಸ್ಮಿತ್ ಅವರು ಕೊನೆಗೆ ಒಪ್ಪುವ ಕಡೆಗೆ ವಾಲಿದರು. ಹಳ್ಳಿಯ ಕರಣಿಕನೊಬ್ಬನ ಕಥೆಯ ಮೇಲೆ ಅಂತಹ ವಿದ್ವಾಂಸರು ವಾದಕ್ಕೆ ನಿಂತರೆಂಬುದು ಮಲೆಯೂರಿಗೆ ಸಣ್ಣ ಗೌರವವಲ್ಲ. ಆದರೂ ಒಂದು ಮಾತನ್ನು ಒಪ್ಪಿಕೊಳ್ಳಲೇಬೇಕು. ದೇವಚಂದ್ರನ ಕಾಲಗಣನೆಯನ್ನು ನಂಬಿ ಚರಿತ್ರೆ ಬರೆಯಲಾಗದು. ಬೇರೆ ಬೇರೆ ಶತಮಾನದವರನ್ನು ಅವನು ಒಂದೇ ಸಭೆಯಲ್ಲಿ ಕುಳ್ಳಿರಿಸುತ್ತಾನೆ. ಬಹುಮಟ್ಟಿಗೆ ಎಲ್ಲ ಕುಲಗಳ ಮೂಲವನ್ನೂ ಜಿನಧರ್ಮದಿಂದ ಕವಲೊಡೆದುದೆಂಬಂತೆ ತೋರಿಸಲು ಹೊರಡುತ್ತಾನೆ. ಅನ್ಯಮತದವರ ವಿಷಯದಲ್ಲಿ ಅವನ ಲೇಖನಿ ಹಲವೆಡೆ ಕಹಿಯಾಗಿದೆ. ಆ ಭಾಗಗಳನ್ನು ಇಂದು ಓದುವವರು ಅವನ್ನು ಸಾಕ್ಷ್ಯವೆಂದು ತಿಳಿಯದೆ, ನೊಂದ ಜನರ ನೆನಪೆಂದು ತಿಳಿಯುವುದು ಉಚಿತ.

ನೋವಿಗೆ ಕಾರಣವಿಲ್ಲದೆ ಇರಲಿಲ್ಲ. ಪುಣಿಸಮಯ್ಯನ ಕಾಲಕ್ಕೂ ದೇವಚಂದ್ರನ ಕಾಲಕ್ಕೂ ಏಳು ನೂರು ವರ್ಷಗಳ ಅಂತರ. ಪುಣಿಸನ ಶಾಸನವು ಈ ಸೀಮೆಯವರೆಲ್ಲ ತಿಳಿದಿರಬೇಕಾದುದು. ನೀಲಗಿರಿಯವರೆಗೂ ದಂಡೆತ್ತಿ ಹೋದ ಸೇನಾಪತಿಯ ಪರಾಕ್ರಮವನ್ನು ಹೇಳಿದ ಮೇಲೆ ಅದು ಅವನು ಯಾರಿಗೆ ಕೈಹಿಡಿದನೆಂಬುದನ್ನು ಹೇಳುತ್ತದೆ: ಬಂಡವಾಳ ಮುಳುಗಿದ ವ್ಯಾಪಾರಿ, ಬಿತ್ತಲು ಬೀಜವಿಲ್ಲದ ಒಕ್ಕಲಿಗ, ನೆಲೆ ತಪ್ಪಿದ ಬೇಡರ ನಾಯಕ, ಕೆಲಸವಿಲ್ಲದ ಸೇವಕ. ಇವರು ಕಳೆದುಕೊಂಡುದನ್ನು ಕೊಟ್ಟು ನಿಲ್ಲಿಸಿದನಂತೆ. ಅವರೆಲ್ಲರೂ ಜೈನರೆಂದು ಶಾಸನ ಹೇಳುವುದಿಲ್ಲ. ಬಸದಿ ಕಟ್ಟಿಸಿದುದೂ ಬಿತ್ತನೆಗೆ ಬೀಜ ಕೊಟ್ಟುದೂ ಒಂದೇ ಕಲ್ಲಿನಲ್ಲಿ ಒಂದೇ ಬಗೆಯ ಪುಣ್ಯವಾಗಿ ಕೊರೆಯಲ್ಪಟ್ಟಿವೆ. ಸಮಾಜವೆಂಬುದು ಬಲವಾಗಿದ್ದಾಗ ಅದರ ನೆರಳು ಹೊರಗಿನವರ ಮೇಲೂ ಬೀಳುತ್ತದೆ.

ದೇವಚಂದ್ರನ ಕಾಲಕ್ಕೆ ಆ ನೆರಳು ಕುಗ್ಗಿತ್ತು. ರಾಜಾಶ್ರಯವು ಎಂದೋ ಸರಿದಿತ್ತು. ಹಲವು ಊರುಗಳಲ್ಲಿ ಬಸದಿಯಿದ್ದು ಶ್ರಾವಕರಿರಲಿಲ್ಲ. ಕೆಲವೆಡೆ ಒಂದೆರಡು ಮನೆಗಳಿದ್ದು ಬಸದಿಯ ಮಾಡು ಕುಸಿದಿತ್ತು. ನಾಲ್ಕು ಮನೆಗಳ ಜೈನರಿಗೆ ಬದುಕಿನ ಪ್ರತಿ ಘಟ್ಟದಲ್ಲಿಯೂ ಬೇರೆ ಊರಿನವರ ಅಗತ್ಯ ಬೀಳುತ್ತದೆ. ಮಗಳಿಗೆ ವರ ಬೇಕು. ಮಗುವಿಗೆ ನಾಮಕರಣ, ಉಪನಯನ ಮಾಡಿಸಲು ಪುರೋಹಿತರು ಬೇಕು. ಮರಣ ಸಂಭವಿಸಿದರೆ ಹೆಗಲು ಕೊಡುವವರು ಬೇಕು. ಸೂರ್ಯ ಮುಳುಗುವ ಮೊದಲೇ ಊಟಕ್ಕಿಕ್ಕುವ ಮನೆಯೊಂದು ಪಯಣದ ಹಾದಿಯಲ್ಲಿರಬೇಕು. ಊರಿನಲ್ಲಿ ಬಹುಸಂಖ್ಯಾತರಾದವರಿಗೆ ಇವು ಕೇಳದೆಯೇ ದೊರೆಯುವಂಥವು. ಅಲ್ಪಸಂಖ್ಯಾತರಾದವರು ಇವುಗಳನ್ನು ಪ್ರಯತ್ನಪೂರ್ವಕವಾಗಿ ಕಟ್ಟಿಕೊಳ್ಳಬೇಕು. ಅದರ ಕೇಂದ್ರವಾಗಿದ್ದುದು ಬಸದಿ. ಅಷ್ಟಾಹ್ನಿಕ, ದಶಲಕ್ಷಣ ಪರ್ವಗಳಿಗೆ ಕೂಡಿದ ಜನ ಅಭಿಷೇಕವನ್ನು ನೋಡಿ, ಶಾಸ್ತ್ರವನ್ನು ಕೇಳಿ, ಅಂಗಳದಲ್ಲಿಯೇ ಸಂಬಂಧಗಳನ್ನು ಕುದುರಿಸಿ, ವ್ಯಾಜ್ಯಗಳನ್ನು ಬಗೆಹರಿಸಿಕೊಂಡು, ವಿಧವೆಯೊಬ್ಬಳ ಜೀವನೋಪಾಯದ ಮಾತನ್ನೂ ಆಡಿ ಹಿಂದಿರುಗುತ್ತಿದ್ದರು. ಮುನಿ, ಆರ್ಯಿಕೆ, ಶ್ರಾವಕ, ಶ್ರಾವಕಿಯರ ಚತುರ್ವಿಧ ಸಂಘವೆಂಬ ಮಾತು ಶಾಸ್ತ್ರದಲ್ಲಿ ದೊಡ್ಡದಾಗಿದ್ದರೂ, ಅದು ಬದುಕಿಗೆ ಇಳಿಯುವುದು ಈ ಅಂಗಳದಲ್ಲಿ.

ಇಂತಹ ಜನಕ್ಕೆ ಕಥೆಯು ಕಾಲಕ್ಷೇಪದ ವಸ್ತುವಾಗಿರಲಿಲ್ಲ. ಮಾನ್ಯದ ಭೂಮಿ ಹೋಗಿರಬಹುದು, ಬಸದಿ ಬಿದ್ದಿರಬಹುದು. ಈ ಬೆಟ್ಟ ನಮ್ಮದು, ಈ ಆಚಾರ್ಯರು ನಮ್ಮವರು, ಈ ಅರಸರು ಒಂದು ಕಾಲಕ್ಕೆ ನಮ್ಮ ಗುರುಗಳಿಗೆ ನಮಸ್ಕರಿಸಿದವರು ಎಂಬ ನೆನಪು ಉಳಿದರೆ ಹುಡುಗನೊಬ್ಬನು ತಲೆಯೆತ್ತಿ ನಡೆದಾನು. ಆ ನೆನಪೂ ಹೇಳುವವರ ಬಾಯಲ್ಲಿ ಮಾತ್ರ ಇತ್ತು. ಹೇಳುವ ಮುದುಕರು ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿದ್ದರು. ಕರಣಿಕನ ಮಗನಿಗೆ ಲೆಕ್ಕ ತಪ್ಪಿಹೋಗುವ ಭಯವೇನೆಂಬುದು ಚೆನ್ನಾಗಿ ಗೊತ್ತಿತ್ತು. ಊರಿನ ಎಲ್ಲೆಕಲ್ಲುಗಳನ್ನು ಕಡತಕ್ಕೆ ಏರಿಸುವ ಶ್ರದ್ಧೆಯಿಂದಲೇ ಅವನು ಕಥೆಗಳನ್ನು ಓಲೆಗೆ ಏರಿಸಿದನು. ಸರಿತಪ್ಪುಗಳನ್ನು ಸೋಸಲು ಅವನಿಗೆ ಬಿಡುವಿರಲಿಲ್ಲ. ಸೋಸಿದ್ದರೆ ಇಂದು ಜಾನಪದ ಸಂಶೋಧಕರಿಗೆ ಉಪಯೋಗವಾಗುತ್ತಿರುವ ಎಷ್ಟೋ ಕಥೆಗಳು ಹೊರಗೆ ಬಿದ್ದುಹೋಗುತ್ತಿದ್ದವು.

ಅವನ ಕೊನೆಯ ವರ್ಷಗಳಲ್ಲಿ ಮೈಸೂರಿನ ರಾಜಕಾರ್ಯವು ಇಂಗ್ಲಿಷರ ಕೈಸೇರಿತ್ತು. 1831ರಲ್ಲಿ ಕಮಿಷನರರ ಆಡಳಿತ ಬಂದು, ಮುಮ್ಮಡಿ ಕೃಷ್ಣರಾಜ ಒಡೆಯರು ಅರಮನೆಯಲ್ಲಿ ಸಾಹಿತ್ಯ, ಸಂಗೀತ, ಧರ್ಮಕಾರ್ಯಗಳಲ್ಲಿ ಕಾಲ ಕಳೆಯುತ್ತಿದ್ದರು. ಈ ಸೀಮೆಯ ಮೇಲೆ ಅವರಿಗೆ ವಿಶೇಷ ಮಮತೆ. ತಂದೆ ಹುಟ್ಟಿದ ಅರಿಕುಠಾರಕ್ಕೆ 1818ರಲ್ಲಿ ಚಾಮರಾಜನಗರವೆಂದು ಹೆಸರಿಟ್ಟವರು ಅವರೇ. ದೇವಚಂದ್ರನು ತನ್ನ ಗ್ರಂಥವನ್ನು ಒಪ್ಪಿಸಿದುದು ಅರಮನೆಯ ದೇವೀರಮ್ಮಣ್ಣಿಯವರಿಗೆ. ಮೈಸೂರು ಅರಸರ ವಂಶಾವಳಿಯೂ ಅದರೊಳಗೆ ಸೇರಿತು. ಊರಿನ ಜೈನರಿಗಾಗಿ ಕೂಡಿಸಿದ ಕಥೆಯನ್ನು ಅರಮನೆಯ ಅಂತಃಪುರವು ಆದರಿಸಿ ಕೇಳಿತೆಂಬುದು ಆ ವೃದ್ಧನಿಗೆ ಎಂತಹ ಸಮಾಧಾನವನ್ನು ಕೊಟ್ಟಿರಬೇಕು! ಆಗ ಅವನಿಗೆ ಎಪ್ಪತ್ತರ ಆಸುಪಾಸು. 1841ರಲ್ಲಿ ಅವನ ಜೀವನ ಮುಗಿಯಿತೆಂದು ಸಾಹಿತ್ಯ ಚರಿತ್ರೆಯು ಗಣಿಸುತ್ತದೆ.

ಗ್ರಂಥವು ಬಹುಕಾಲ ಅಚ್ಚಾಗಲಿಲ್ಲ. ರೈಸ್ ಅವರೂ, ಕರ್ನಾಟಕ ಕವಿಚರಿತೆಯನ್ನು ರಚಿಸಿದ ಆರ್. ನರಸಿಂಹಾಚಾರ್ಯರೂ ಹಸ್ತಪ್ರತಿಗಳಿಂದಲೇ ಅದನ್ನು ಬಳಸಿಕೊಂಡರು. ಇಡೀ ಗ್ರಂಥವು ಬಿ. ಎಸ್. ಸಣ್ಣಯ್ಯನವರ ಸಂಪಾದನೆಯಲ್ಲಿ ರಾಜಾವಳೀ ಕಥಾಸಾರವೆಂಬ ಹೆಸರಿನಿಂದ 1988ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮೂಲಕ ಹೊರಬಂದಿತು. ಬರೆದು ಮುಗಿಸಿದ ನೂರೈವತ್ತು ವರ್ಷಗಳಿಗೆ. ಅಷ್ಟು ಕಾಲ ಅದನ್ನು ಉಳಿಸಿದುದು ಓಲೆಯನ್ನೂ ಕಾಗದದ ಪ್ರತಿಗಳನ್ನೂ ಜೋಪಾನ ಮಾಡಿದ ಮನೆಗಳು, ಮಠಗಳು, ಭಂಡಾರಗಳು.

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಜೈನರ ಸಂಖ್ಯೆ ಸುಮಾರು 4.4 ಲಕ್ಷ, ನೂರಕ್ಕೆ ಒಬ್ಬರಿಗೂ ಕಡಮೆ. ಅವರಲ್ಲಿ ಉತ್ತರದ ಬೆಳಗಾವಿಯ ಕಡೆಯವರೇ ಹೆಚ್ಚು. ತೆರಕಣಾಂಬಿ, ಗುಂಡ್ಲುಪೇಟೆ, ಚಾಮರಾಜನಗರಗಳ ಈ ದಕ್ಷಿಣದ ಅಂಚಿನಲ್ಲಿ ಮನೆಗಳು ವಿರಳ. ಬಸದಿಯೊಂದರ ಪಂಚಕಲ್ಯಾಣ ನಡೆದಾಗ ತೀರ್ಥಂಕರರ ತಾಯಿತಂದೆಯರಾಗಿ ನಿಲ್ಲುವ ದಂಪತಿಗಳಿಂದ ಹಿಡಿದು, ಕಲಶ ಹೊರುವ ಹೆಣ್ಣುಮಕ್ಕಳು, ಅನ್ನದಾನದ ಪಾಕಶಾಲೆಯಲ್ಲಿ ನಿಲ್ಲುವ ಯುವಕರವರೆಗೆ ಹತ್ತಾರು ಊರುಗಳಿಂದ ಜನ ಕೂಡಬೇಕಾಗುತ್ತದೆ. ಕನಕಗಿರಿಗೆ ಇಂದು ಏರಿಹೋಗುವ ಯಾತ್ರಿಕರು ಪಾರ್ಶ್ವನಾಥಸ್ವಾಮಿಯ ದರ್ಶನ ಮಾಡಿ, ಪೂಜ್ಯಪಾದರ ಪಾದಗಳಿಗೆ ನಮಸ್ಕರಿಸಿ, ಬಂಡೆಯ ಮೇಲಿನ ಸವೆದ ಅಕ್ಷರಗಳನ್ನು ಕೈಯಿಂದ ತಡವಿ ನೋಡುತ್ತಾರೆ. ಕೆಳಗೆ ಕಾಣುವುದು ದೇವಚಂದ್ರನು ಕಡತ ಬರೆದ ಮಲೆಯೂರು.